ಬುಡದಲ್ಲಿಟ್ಟ ಗೋಣಿ

ನನಗೆ ಕಾಯುವುದು ಬರುವುದಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ನನ್ನ ಎತ್ತರ ಇಷ್ಟು, ಮೈಬಣ್ಣ ಇಂಥದು ಎಂದು ಹೇಳುವ ಹಾಗೆ ಹೇಳುತ್ತಿದ್ದೇನೆ. ಬಸ್ಸು ಹತ್ತು ನಿಮಿಷ ತಡವಾದರೆ ಮುಂದಿನ ಸ್ಟಾಪಿನವರೆಗೆ ನಡೆದುಬಿಡೋಣ ಎಂದು ಹೊರಡುತ್ತೇನೆ. ಎರಡು ಸ್ಟಾಪಿನ ನಡುವೆ ನಾನಿರುವಾಗ ಬಸ್ಸು ನನ್ನ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋಗುತ್ತದೆ. ಮನೆಗೆ ಬಂದವರ ಮುಂದೆ ನನ್ನ ಹೆಂಡತಿ ಆಡಿಕೊಳ್ಳುವುದೂ ಇದನ್ನೇ: "ಇವ್ರು ಚಹಾ ಆರೂತನಕ ಕೂತವ್ರಲ್ಲರಿ. ನಾಲಿಗಿ ಸುಟ್ಕೊಂಡೇ ಎದ್ದು ಹೋಗ್ತಾರ."

ಇಂಥವನ ಪಾಲಿಗೆ ಬಂದದ್ದು ಕಾಯುವ ಕೆಲಸವೇ. ಜಹೀರಾಬಾದಿನ ಒಂದು ಕಾರ್ಖಾನೆಯಲ್ಲಿ ಬಣ್ಣ ಒಣಗಿಸುವ ದೊಡ್ಡ ಭಟ್ಟಿಗಳಿವೆ. ಅವುಗಳ ಕಾವು ಏರದಂತೆ, ಇಳಿಯದಂತೆ ನೋಡಿಕೊಳ್ಳುವ ಮೆಕ್ಯಾನಿಕ್ ನಾನು. ಕಾವಿನ ಗುಣ ಏನೆಂದರೆ ಅದು ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ. ಈಗ ತಿರುಗಿಸಿದ ಗುಂಡಿಗೆ ಅದು ಕಾಲು ಗಂಟೆಯ ಮೇಲೆ ಉತ್ತರ ಕೊಡುತ್ತದೆ. ಅಷ್ಟರಲ್ಲಿ ನನ್ನಂಥವನು ಇನ್ನೆರಡು ಸಲ ತಿರುಗಿಸಿರುತ್ತಾನೆ.

ನಾಲ್ಕು ವರ್ಷದ ಹಿಂದೆ, ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟರು ನನ್ನ ಹುಟ್ಟೂರು ನಾರಾಯಣಖೇಡಿನಿಂದ ಫೋನು ಮಾಡಿದರು. ನಿವೃತ್ತರಾಗಿದ್ದರು. "ತಮ್ಮಾ, ನೀ ಭಟ್ಟಿ ಕಾವು ಹಿಡಿಯೂ ಕೆಲಸ ಮಾಡ್ತಿ ಅಂತ ಕೇಳೀನಿ. ಒಂದು ಐತಾರ ಬಾ. ನನ್ನ ಹತ್ರ ಒಂದು ಸಣ್ಣ ಭಟ್ಟಿ ಅದ, ಅದು ನನ್ನ ಮಾತು ಕೇಳವಲ್ದು."

ಆ ಭಾನುವಾರವೇ ಹೋದೆ. ಹಿತ್ತಲಿನ ಖೋಲಿಯಲ್ಲಿ ಒಂದು ಉಕ್ಕಿನ ಕೊಳವೆ, ಮೊಳಕೈಯಷ್ಟು ಉದ್ದದ್ದು. ಒಳಗೆ ನಿಕ್ಕಲ್ ಪುಡಿ. ಸುತ್ತ ಕರೆಂಟಿನ ಸುರುಳಿ. ನಿಕ್ಕಲ್ಲಿಗೆ ಹೈಡ್ರೋಜನ್ ಕುಡಿಸಿ ಒಂದು ಹದಕ್ಕೆ ಕಾಯಿಸಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಕಾವು ಹೊರಗೆ ಬರುತ್ತದೆ, ಆ ಹೆಚ್ಚಿನದು ಪರಮಾಣುವಿನ ಒಡಲಿನಿಂದ ಬರುತ್ತದೆ ಎಂದು ಲೋಕದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಹೇಳುತ್ತಾರೆ. ಬಹುಪಾಲು ವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ನಾನು ಕೇಳಿಯೇ ಬಿಟ್ಟೆ: "ಸರ್, ನೀವು ಇದನ್ನ ನಂಬ್ತೀರೇನ್ರಿ?"

"ನಂಬೂದೂ ಬ್ಯಾಡ, ನಂಬದ ಇರೂದೂ ಬ್ಯಾಡ. ಅಳದು ನೋಡೂಣು," ಎಂದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಹಳೆಯ ಉದ್ದನೆಯ ಪುಸ್ತಕ. ಆ ಪುಸ್ತಕದಲ್ಲಿ ಅವರು ಬರೆಯದೆ ಬಿಟ್ಟದ್ದಿಲ್ಲ. ಆ ದಿನದ ಗಾಳಿ, ಕರೆಂಟು ಹೋಗಿ ಬಂದ ಹೊತ್ತು, ಖೋಲಿಯ ಬಾಗಿಲು ಯಾರು ತೆಗೆದರು, ಎಷ್ಟು ನಿಮಿಷ ತೆರೆದಿತ್ತು. ಬದುಕಿನುದ್ದಕ್ಕೂ ತೆಲುಗಿನಲ್ಲಿ ಪಾಠ ಮಾಡಿದವರು, ಬಜಾರಿನಲ್ಲಿ ಉರ್ದು ಆಡುವವರು, ಪುಸ್ತಕ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದರು. ಯಾಕೆ ಅಂದರೆ "ಸುಳ್ಳು ಬರೀಬೇಕಾದ್ರ ಅವ್ವನ ಮಾತಿನಾಗ ಕೈ ನಡಗ್ತದ" ಎಂದು ನಗುತ್ತಿದ್ದರು.

ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ. ನಮ್ಮ ಕೇರಿಯವರು ಮೇಷ್ಟರ ಓಣಿಯ ಮನೆಗಳ ಅಂಗಳದವರೆಗೆ ಹೋದವರು, ಹಿತ್ತಲಿನವರೆಗೆ ಹೋದವರು. ನಡುಮನೆ ದಾಟಿದವರು ಕಡಿಮೆ. ಎರಡನೆಯ ಭಾನುವಾರವೇ ಅವರು ಖೋಲಿಯ ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು. "ನಾ ಮಲಗಿದ್ರೂ ನೀ ಬಂದು ಚಾಲೂ ಮಾಡು." ನಾನು ಹೇಳಿದ ಅಂಕಿಯನ್ನು ಮೀಟರಿನ ಕಡೆ ತಿರುಗಿ ನೋಡದೆ ಬರೆದುಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ನನ್ನ ಅಂಕಿಯನ್ನು ಇಬ್ಬರು ಪರೀಕ್ಷೆ ಮಾಡುತ್ತಾರೆ. ಇಲ್ಲಿ ನನ್ನ ಬಾಯಿಮಾತೇ ಶಾಯಿಯಾಗುತ್ತಿತ್ತು. ಅದರ ರುಚಿ ಹತ್ತಿದವನಿಗೆ ಅದು ಕೈಬಿಟ್ಟು ಹೋಗಬಾರದು ಎಂಬ ಆಸೆ ಎಷ್ಟಿರುತ್ತದೆ ಎಂಬುದು ಹತ್ತಿದವನಿಗೇ ಗೊತ್ತು.

ಆ ಕೊಳವೆಯ ತಂಟೆ ಹೀಗಿತ್ತು. ಹೇಳುವವರ ಮಾತು ನಿಜವೇ ಆದರೆ ಕಾವು ಏರಿದಷ್ಟೂ ಒಳಗಿನ ಕ್ರಿಯೆ ಜೋರಾಗುತ್ತದೆ, ಕ್ರಿಯೆ ಜೋರಾದಷ್ಟೂ ಕಾವು ಇನ್ನಷ್ಟು ಏರುತ್ತದೆ. ಬಿಟ್ಟರೆ ತನ್ನಷ್ಟಕ್ಕೆ ಓಡುತ್ತದೆ, ಬಿಗಿಹಿಡಿದರೆ ಆರಿ ಕೂರುತ್ತದೆ. ಎರಡರ ನಡುವೆ ಹಿಡಿಯಬೇಕು. ಮೇಷ್ಟರ ಹೆಂಡತಿ, ನಾನು ಅಮ್ಮಾರು ಎನ್ನುತ್ತೇನೆ, ಇದನ್ನು ಕೇಳಿಸಿಕೊಂಡು ಅಡಿಗೆಮನೆಯಿಂದಲೇ ತೀರ್ಪು ಕೊಟ್ಟರು: "ಹಂಚು ಕೆಂಪಾದ ಮ್ಯಾಲ ಕಟ್ಟಿಗಿ ಎಳದ್ರ ರೊಟ್ಟಿ ಸೀದಂಗ. ಆಗೂಕಿಂತ ಮೊದಲ ಎಳೀಬೇಕು." ನನ್ನ ಹತ್ತು ವರ್ಷದ ಕಸುಬನ್ನು ಒಂದು ಮಾತಿನಲ್ಲಿ ಮುಗಿಸಿಬಿಟ್ಟರು.

ನಾನು ಕಾರ್ಖಾನೆಯ ಹಳೆಯ ಕಂಟ್ರೋಲರ್ ಒಂದನ್ನು ಕೂಡಿಸಿದೆ. ಕಾವು ಇಳಿದರೆ ಕರೆಂಟು ಹೆಚ್ಚಿಸುವುದು, ಏರಿದರೆ ತಗ್ಗಿಸುವುದು ಅದರ ಕೆಲಸ. ನನ್ನ ಸ್ವಭಾವದಂತೆ ಅದನ್ನು ಚುರುಕಾಗಿಯೇ ಇಟ್ಟೆ. ಕಾವು ಒಂದು ಡಿಗ್ರಿ ಇಳಿದದ್ದೇ ತಡ ಅದು ಕರೆಂಟು ಸುರಿಯಿತು, ಸುರಿದದ್ದು ತಡವಾಗಿ ಬಂದು ಐದು ಡಿಗ್ರಿ ಮೇಲೆ ಹೋಯಿತು, ಗಾಬರಿಯಾಗಿ ನಿಲ್ಲಿಸಿತು, ಎಂಟು ಡಿಗ್ರಿ ಕೆಳಗೆ ಬಿತ್ತು. ಕಾಗದದ ಮೇಲೆ ಗೆರೆ ಗುಡ್ಡ-ಕಣಿವೆಯಾಗಿ, ಪ್ರತಿ ಗುಡ್ಡ ಹಿಂದಿನದಕ್ಕಿಂತ ಎತ್ತರವಾಗಿ ಏರುತ್ತ ಹೋಯಿತು. ಮೇಷ್ಟರು ಕನ್ನಡಕ ಸರಿಸಿ ನೋಡಿದರು. "ನಿನ್ನ ಮೈಯಾಗಿನ ಚಡಪಡಿಕಿ ಮಶಿನಿಗಿ ಹತ್ತ್ಯದ ನೋಡು. ಕೈ ಕಿಸೆದಾಗ ಇಟ್ಕೋ."

ಕಿಸೆಯಲ್ಲಿ ಕೈ ನಿಲ್ಲಲಿಲ್ಲ. ಆಮೇಲೆ ಅಮ್ಮಾರು ಒಂದು ಮೊರದ ತುಂಬ ತೊಗರಿಬೇಳೆ ತಂದು ನನ್ನ ಮುಂದಿಟ್ಟರು. ಗುಂಡಿ ತಿರುಗಿಸಿದ ಮೇಲೆ ಹರಳು ಆರಿಸಬೇಕು. ಮೊರ ಮುಗಿಯುವವರೆಗೆ ಗುಂಡಿ ಮುಟ್ಟುವಂತಿಲ್ಲ. ಪರಮಾಣುವಿನ ಒಡಲನ್ನು ಕೆದಕುವ ಪ್ರಯೋಗ ಹೀಗೆ ಬೇಳೆಯ ಲೆಕ್ಕದಲ್ಲಿ ನಡೆಯಿತು. ಆ ಮನೆಯ ಸಾರಿನಲ್ಲಿ ಆ ವರ್ಷ ಒಂದು ಹರಳೂ ಸಿಕ್ಕಿರಲಿಕ್ಕಿಲ್ಲ. ಮೂರು ತಿಂಗಳಿಗೆ ಗೆರೆ ನೇರವಾಯಿತು.

ಮೊದಲು ಹೈಡ್ರೋಜನ್ ಬದಲು ಆರ್ಗಾನ್ ತುಂಬಿದೆವು. ಆರ್ಗಾನ್ ನಿಕ್ಕಲ್ಲಿನ ಜೊತೆ ಏನನ್ನೂ ಮಾಡುವುದಿಲ್ಲ. ಇಂತಿಷ್ಟು ಕಾವಿನಲ್ಲಿ ಕೊಳವೆಯನ್ನು ಹಿಡಿದು ನಿಲ್ಲಿಸಲು ಇಂತಿಷ್ಟು ಕರೆಂಟು ಬೇಕು ಎಂದು ಪಟ್ಟಿ ಮಾಡಿದೆವು. ಆ ಪಟ್ಟಿಯೇ ನಮ್ಮ ಅಳತೆಗೋಲು. ಆಮೇಲೆ ಹೈಡ್ರೋಜನ್ ತುಂಬುವುದು. ಅದೇ ಕಾವಿಗೆ ಕಡಿಮೆ ಕರೆಂಟು ಸಾಕಾದರೆ ಮಿಕ್ಕದ್ದು ಒಳಗಿನಿಂದ ಬರುತ್ತಿದೆ ಎಂದರ್ಥ. ಇಡೀ ವ್ಯವಹಾರ ಇಷ್ಟೇ.

ಕೊಳವೆ ದಪ್ಪ ಉಕ್ಕಿನ ತಟ್ಟೆಯ ಮೇಲೆ ನಿಂತಿತ್ತು. ತಟ್ಟೆ ತಾಂಡೂರಿನ ಕಲ್ಲಿನ ಮೇಲೆ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಕಳಿಸಿದ ನಾಲ್ಕು ಬೆರಳು ದಪ್ಪದ ನೀಲಿ ಚಪ್ಪಡಿ ಅದು. ಕೊಳವೆಯ ಸುತ್ತ ನೆಲ ಮುಟ್ಟುವಂತೆ ತಗಡಿನ ಹೊದಿಕೆ. ಹೈಡ್ರೋಜನ್ ತುಂಬುವ ಮೊದಲು ಕೊಳವೆಯನ್ನು ಎತ್ತಿ ಒರೆಸಿ ಮತ್ತೆ ಇಟ್ಟೆವು. ಈ ಸಲ ತಟ್ಟೆ ಸರಿಯಾಗಿ ಕೂರಲಿಲ್ಲ. ಮುಟ್ಟಿದರೆ ಟಕ್ ಎಂದು ಆ ಕಡೆ, ಟಕ್ ಎಂದು ಈ ಕಡೆ. ಮೇಷ್ಟರು ಒಳಗೆ ಪೂಜೆಗೆ ಕೂತಿದ್ದರು. ಅವರಿದ್ದರೆ ಮೂಲೆ ಉಜ್ಜಿ ಮಟ್ಟ ಮಾಡೋಣ, ಮುಂದಿನ ಭಾನುವಾರ ತುಂಬೋಣ ಎನ್ನುತ್ತಿದ್ದರು. ನನಗೆ ಮುಂದಿನ ಭಾನುವಾರ ಬೇಡವಾಗಿತ್ತು. ಅಂಗಳದಲ್ಲಿ ಬಿದ್ದಿದ್ದ ಒಂದು ಗೋಣಿ ತಂದು ನಾಲ್ಕು ಮಡಿಕೆ ಮಾಡಿ ತಟ್ಟೆಯ ಬುಡಕ್ಕೆ ತಳ್ಳಿದೆ. ಅಲುಗಾಟ ನಿಂತಿತು. ಹೊದಿಕೆ ಇಳಿಬಿಟ್ಟೆ.

ಇದು ನಮ್ಮ ಊರಿನವರು ಮಾತ್ರ ಮಾಡುವ ತಪ್ಪು. ನಾರಾಯಣಖೇಡ್ ತೊಗರಿಯ ಬಜಾರು. ಅಲ್ಲಿ ಗೋಣಿ ಇಲ್ಲದ ಜಾಗವಿಲ್ಲ. ಕಾಲೊರೆಸಲು ಗೋಣಿ, ಕಿಟಕಿಗೆ ಗೋಣಿ, ನೀರಿನ ಕೊಡಕ್ಕೆ ಒದ್ದೆ ಗೋಣಿ, ಅಲುಗಾಡುವ ಮಂಚದ ಕಾಲಿಗೆ ಗೋಣಿ, ಹೊಲಿಗೆ ಮಶಿನಿನ ಕೆಳಗೆ ಗೋಣಿ. ಗೋಣಿ ಇಡುವುದನ್ನು ಯಾರೂ ಒಂದು ಕೆಲಸ ಎಂದುಕೊಳ್ಳುವುದಿಲ್ಲ. ಮೇಷ್ಟರು ಪೂಜೆ ಮುಗಿಸಿ ಬಂದು "ಎಲ್ಲಾ ಹಂಗೇ ಅದೇನು?" ಎಂದರು. "ಹಂಗೇ ಅದರಿ," ಎಂದೆ. ಬರೆದುಕೊಂಡರು. ಆ ಗಳಿಗೆಯಲ್ಲಿ ನಾನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಎಲ್ಲವೂ ಹಾಗೆಯೇ ಇತ್ತು.

ಮೂರನೆಯ ದಿನ ಫೋನು ಬಂತು. ಮೇಷ್ಟರು ಹೇಗಿದ್ದೀ ಎಂದೂ ಕೇಳದೆ ಅಂಕಿಯಿಂದಲೇ ಶುರು ಮಾಡಿದರು. ಪಟ್ಟಿಯಲ್ಲಿರುವುದಕ್ಕಿಂತ ಹನ್ನೆರಡು ವ್ಯಾಟ್ ಕಡಿಮೆ. ಹನ್ನೆರಡು ವ್ಯಾಟ್ ಎಂದರೆ ಒಂದು ಸಣ್ಣ ಬಲ್ಬು. ಆ ಬಲ್ಬು ಆ ಮನೆಯಲ್ಲಿ ಎರಡು ತಿಂಗಳು ಉರಿಯಿತು. ಕಂಟ್ರೋಲರ್ ಅಷ್ಟು ಕರೆಂಟು ತಗ್ಗಿಸಿದರೂ ಕಾವು ಇಳಿಯದು. ಅವರು ದಿನಾ ಸಂಜೆ ಅಂಕಿ ಓದಿ ಹೇಳುವರು, ನಾನು ಕೇಳುತ್ತ ಮನೆಯ ಮುಂದೆ ಅತ್ತಿಂದಿತ್ತ ತಿರುಗುವೆನು. ನನಗೂ ಕಾಲು ನೆಲದ ಮೇಲಿರಲಿಲ್ಲ. ಎಲ್ಲಾದರೂ ತಪ್ಪಿರಬಹುದು ಎಂದು ಅವರು ಮೀಟರು ಬದಲಿಸಿದರು, ತಂತಿ ಬದಲಿಸಿದರು, ಬಾಗಿಲ ಸಂದು ಮುಚ್ಚಿದರು. ಹನ್ನೆರಡು ಹನ್ನೆರಡಾಗಿಯೇ ನಿಂತಿತು. ಕಡೆಗೆ ತಾಂಡೂರಿನ ಆ ಹಳೆಯ ವಿದ್ಯಾರ್ಥಿ, ನಾವು ಇಪ್ಪತ್ತು ಜನ ಕೂಡುತ್ತೇವೆ, ನೀವು ಬಂದು ಹೇಳಲೇಬೇಕು ಎಂದು ದಿನ ಗೊತ್ತುಮಾಡಿದ. ಮೇಷ್ಟರು ಒಪ್ಪಿದರು.

ಆ ದಿನಕ್ಕೆ ಒಂದು ವಾರ ಮುಂಚಿನ ಭಾನುವಾರ, ಮಾಘದ ಚಳಿ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಾರಾಯಣಖೇಡಿನಲ್ಲಿ ಇಳಿದೆ. ಬಜಾರಿನ ಒಂದು ಅಂಗಡಿಯ ಕಲ್ಲುಕಟ್ಟೆಯ ಮೇಲೆ ಕೂತು ಚಹಾಕ್ಕೆ ಹೇಳಿದೆ. ಕೂತಕೂಡಲೇ ಕಲ್ಲು ಬೆನ್ನುಹುರಿಯ ತನಕ ಕೊರೆಯಿತು. ಪಕ್ಕದಲ್ಲಿದ್ದ ಹಮಾಲಿ ನನ್ನ ಒದ್ದಾಟ ನೋಡಿ ತನ್ನ ಹೆಗಲ ಮೇಲಿನ ಗೋಣಿ ಎಸೆದ. "ಬುಡಕ ಹಾಕ್ಕೊಂಡು ಕೂಡ್ರಿ ಅಣ್ಣಾ. ಕಲ್ಲು ಮೈಯಾಗಿನ ಕಾವೆಲ್ಲಾ ಎಳೀತದ."

ಹಾಕಿಕೊಂಡು ಕೂತೆ. ಬೆಚ್ಚಗಾಯಿತು. ಹಾಗೇ ಎದ್ದುನಿಂತೆ.

ಆರ್ಗಾನ್ ಇದ್ದಾಗ ಕೊಳವೆ ಬರಿಗಲ್ಲಿನ ಮೇಲಿತ್ತು. ಕಲ್ಲು ಕಾವು ಎಳೆಯುತ್ತಿತ್ತು, ಅದನ್ನು ತುಂಬಲು ಹೆಚ್ಚು ಕರೆಂಟು ಬೇಕಾಗಿತ್ತು. ಹೈಡ್ರೋಜನ್ ತುಂಬಿದ ದಿನ ನಾನು ಗೋಣಿ ಇಟ್ಟೆ. ಕಲ್ಲಿಗೆ ಹೋಗುವ ದಾರಿ ಮುಚ್ಚಿತು. ಹನ್ನೆರಡು ವ್ಯಾಟ್ ನಿಕ್ಕಲ್ಲಿನದಲ್ಲ, ಪರಮಾಣುವಿನದಲ್ಲ. ತೊಗರಿ ತುಂಬುವ ಗೋಣಿಯದು. ನನ್ನದು.

ಅಲ್ಲಿಂದ ಮೇಷ್ಟರ ಮನೆ ಐದು ನಿಮಿಷ. ಹೋಗಿ ಹೇಳಿಬಿಡುತ್ತೇನೆ ಎಂದೇ ಹೋದೆ. ಅವರು ಬಾಗಿಲಲ್ಲೇ ನಿಂತಿದ್ದರು, ತಾಂಡೂರಿನಲ್ಲಿ ತೋರಿಸಲು ಬರೆದ ದೊಡ್ಡ ಹಾಳೆ ಹಿಡಿದುಕೊಂಡು. ಕೆಂಪು ಗೆರೆ ಆರ್ಗಾನ್, ಹಸಿರು ಗೆರೆ ಹೈಡ್ರೋಜನ್. ಅರವತ್ತು ದಾಟಿದ ಮನುಷ್ಯ ಸ್ಕೇಲು ಹಿಡಿದು ಎಳೆದ ಗೆರೆಗಳು. "ಹ್ಯಾಂಗದ?" ಎಂದು ಕೇಳಿದರು. "ಛಲೋ ಅದರಿ," ಎಂದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮುಚ್ಚಿಕೊಂಡೆ. ಅಂದು ಅಮ್ಮಾರು ಬಡಿಸಿದ್ದನ್ನು ಉಂಡೆ. ಹರಳು ಆರಿಸಿದೆ. ಸಂಜೆ ಬಸ್ಸು ಹತ್ತಿದೆ.

ಯಾಕೆ ಹೇಳಲಿಲ್ಲ ಎಂದು ಈಗ ಸಾವಿರ ಕಾರಣ ಕೊಡಬಹುದು. ನಿಜವಾದ ಕಾರಣ ಒಂದೇ, ಹೆದರಿಕೆ. ಬೀಗದ ಕೈ ಹೋಗುತ್ತದೆ. ನನ್ನ ಬಾಯಿಮಾತನ್ನು ಬರೆದುಕೊಳ್ಳುವ ಆ ಒಬ್ಬ ಮನುಷ್ಯ ಹೋಗುತ್ತಾನೆ. ಇಂಥವರನ್ನು ಒಳಗೆ ಬಿಟ್ಟರೆ ಹೀಗೇ ಎಂದು ಓಣಿಯಲ್ಲಿ ಯಾರಾದರೂ ಅಂದರೆ? ಮೇಷ್ಟರು ಅನ್ನುವುದಿಲ್ಲ, ಗೊತ್ತಿತ್ತು. ಗೊತ್ತಿದ್ದೂ ಹೆದರಿದೆ.

ಆ ಆರು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಯಾರೋ ಯಾವುದೋ ಭಟ್ಟಿಯ ಬಗ್ಗೆ "ಯಾರು ಕೈ ಹಚ್ಚಿದ್ರು?" ಅಂದರೆ ಬೆಚ್ಚಿಬೀಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುವವನ ಪಾಡು. ಮನೆಯಲ್ಲಿ ಬಿಸಿನೀರಿನ ಪಾತ್ರೆಯನ್ನು ಒಮ್ಮೆ ಬರಿಗಲ್ಲಿನ ಮೇಲೆ, ಒಮ್ಮೆ ಗೋಣಿಯ ಮೇಲೆ ಇಟ್ಟು ಥರ್ಮಾಮೀಟರು ಹಿಡಿದು ಕೂತೆ. ನಾನು ತಪ್ಪು ತಿಳಿದಿರಲಿ ಎಂಬ ಆಸೆಗೆ. ಹೆಂಡತಿ ನೋಡಿ ಬೆರಗಾದಳು. ಪ್ರತಿ ಸಂಜೆ ಮೇಷ್ಟರ ಫೋನು: "ಇವತ್ತೂ ಹನ್ನೆರಡು!" ಪ್ರತಿ ಸಂಜೆ ನಾನು: "ಛಲೋ ಆತ್ರಿ ಸರ್."

ಶನಿವಾರ ರಜೆ ಹಾಕಿದೆ. ಮರುದಿನ ತಾಂಡೂರು. ನಾನು ಹೋದಾಗ ಅಮ್ಮಾರು ಅವರ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ಮೇಷ್ಟರು ಖೋಲಿಯಲ್ಲಿದ್ದರು. ಹೊಸ್ತಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ, ಒಂದೇ ಉಸಿರಿಗೆ ಅಂದೆ: "ಸರ್, ಕೊಳವಿ ಬುಡಕ ಗೋಣಿ ಅದರಿ. ಹೈಡ್ರೋಜನ್ ತುಂಬಿದ ದಿನ ನಾ ಇಟ್ಟಿದ್ದೆ. ಪುಸ್ತಕದಾಗ ಇಲ್ಲ."

ಅವರು ಅರ್ಥವಾಗದವರಂತೆ ನೋಡಲಿಲ್ಲ. ಅರ್ಥವಾಗಲು ಅವರಿಗೆ ಹಮಾಲಿ ಬೇಕಾಗಲಿಲ್ಲ. ಕಲ್ಲಿನ ಕಡೆ ಒಮ್ಮೆ ನೋಡಿದರು, ಗೋಡೆಗೆ ಒರಗಿಸಿದ್ದ ಹಾಳೆಯ ಕಡೆ ಒಮ್ಮೆ. ಮುಖದ ಬಣ್ಣ ಇಳಿಯಿತು. "ತಗಿ," ಎಂದರು.

ದಪ್ಪ ಬಟ್ಟೆ ಸುತ್ತಿಕೊಂಡು ತಟ್ಟೆಯನ್ನು ಎತ್ತಿ ಗೋಣಿ ಎಳೆದೆ. ನಡುವೆ ಕಂದು ತಿರುಗಿತ್ತು, ಸೀದ ನಾರಿನ ವಾಸನೆ. ಮೂಲೆಗೆ ಒಂದು ತಗಡಿನ ಚೂರು ಕೊಟ್ಟು ತಟ್ಟೆಯನ್ನು ಬರಿಗಲ್ಲಿನ ಮೇಲೆ ಕೂರಿಸಿದೆ. ಆಮೇಲೆ ಕೂತೆವು, ಮೀಟರಿನ ಎದುರು. ಮೊದಲ ತಾಸು ತಣ್ಣಗಿದ್ದ ಕಲ್ಲು ಕಾವನ್ನು ಗಟಗಟ ಕುಡಿಯಿತು. ಕರೆಂಟು ಪಟ್ಟಿಯನ್ನೂ ದಾಟಿ ಮೇಲೆ ಹೋಯಿತು. "ನೋಡ್ರಿ," ಎಂದು ನಾನು ಬಾಯಿ ತೆರೆದೆ. "ಸುಮ್ಕಿರು. ನಿಂತ ಮ್ಯಾಲ ನೋಡೂಣು," ಎಂದರು. ಅಮ್ಮಾರು ಒಳಗೆ ಬಂದು ಇಬ್ಬರ ಮುಖ ನೋಡಿ ಊಟಕ್ಕೆ ಕರೆಯದೆ ಹೋದರು. ಮೂರು ತಾಸಿನ ಮೇಲೆ ಅಂಕಿ ಇಳಿದು ಬಂದು ನಿಂತಿತು. ಆರ್ಗಾನ್ ಪಟ್ಟಿಯಲ್ಲಿ ಏನಿತ್ತೋ ಅದೇ. ಹನ್ನೆರಡು ಇಲ್ಲ. ಒಂದೂ ಇಲ್ಲ.

ಮೇಷ್ಟರು ಪುಸ್ತಕ ತೆಗೆದರು. ಪೆನ್ನು ಹಿಡಿದು, ತಲೆ ಎತ್ತದೆ ಕೇಳಿದರು: "ನಿಂಗ ಯಾವಾಗ ತಿಳೀತು?"

ಈಗ ಬರುವಾಗ ಬಸ್ಸಿನಲ್ಲಿ ಎನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. "ಹೋದ ಐತಾರರಿ," ಎಂದೆ.

"ಮುಂಜಾನಿಯೋ, ಸಂಜಿಕೋ?"

"ಮುಂಜಾನಿರಿ. ಇಲ್ಲಿ ಬರೂಕಿಂತ ಮೊದಲ."

"ಅಂದ್ರ ಆವತ್ತು ಗೊತ್ತಿದ್ದೇ ಹಾಳಿ ನೋಡಿದಿ. ಗೊತ್ತಿದ್ದೇ ಉಂಡಿ."

"ಹೌದರಿ."

"ದಿನಾ ಸಂಜಿಕಿ ನಾ ಫೋನ್ ಮಾಡ್ದಾಗೂ?"

"ಹೌದರಿ."

ಅವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ನನಗೆ ಬೈಯಲಿ ಅನ್ನಿಸುತ್ತಿತ್ತು. "ಗೋಣಿ ಇಟ್ಟದ್ದು ಅವಸರ," ಎಂದರು ಕಡೆಗೆ. "ಅದು ನಿನ್ನ ಗುಣ, ನಂಗ ಗೊತ್ತಿದ್ದದ್ದೇ ಅದ. ಅದಕ್ಕ ನಂಗ ಸಿಟ್ಟಿಲ್ಲ. ಈ ಆರು ದಿನ…" ಅಷ್ಟಕ್ಕೆ ನಿಲ್ಲಿಸಿದರು. ಗೋಣಿಯ ವಿಷಯ ಬರೆದರು, ತೆಗೆದ ಹೊತ್ತು ಬರೆದರು. ಆರು ದಿನದ ವಿಷಯ ಬರೆಯಲಿಲ್ಲ. ನಾನು ಕಣ್ಣಾರೆ ಕಂಡಂತೆ ಆ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ.

ತಾಂಡೂರಿಗೆ ಹೋಗುವುದನ್ನು ಬಿಡುತ್ತಾರೆ ಅಂದುಕೊಂಡಿದ್ದೆ. ಬಿಡಲಿಲ್ಲ. ನಸುಕಿನಲ್ಲೇ ಜಹೀರಾಬಾದಿಗೆ ಬಂದರು, ಅಲ್ಲಿಂದ ಇಬ್ಬರೂ ಒಂದೇ ಬಸ್ಸು. ಕೊಹೀರಿನಲ್ಲಿ ಬುಟ್ಟಿಯವಳ ಹತ್ತಿರ ಜಾಮಕಾಯಿ ಎನ್ನುವ ಪೇರಲಹಣ್ಣು ಕೊಂಡು ನನಗೊಂದು ಕೊಟ್ಟರು. ದಾರಿಯುದ್ದಕ್ಕೂ ಬೆಳೆ, ಮಳೆ ಮಾತಾಡಿದರು. ನಾನು ಆ ಹಣ್ಣನ್ನು ತಾಂಡೂರು ಬರುವವರೆಗೆ ಕೈಯಲ್ಲಿ ತಿರುಗಿಸುತ್ತಲೇ ಇದ್ದೆ.

ಪಾಲಿಶ್ ಘಟಕದ ಹಿಂದಿನ ಹಾಲ್. ಎಲ್ಲರ ಕೂದಲ ಮೇಲೂ ಕಲ್ಲಿನ ಬಿಳಿ ಹುಡಿ. ಮೇಷ್ಟರು ಎರಡು ಗೆರೆಯ ಹಾಳೆಯನ್ನು ತೂಗುಹಾಕಿಯೇ ಮಾತು ಶುರು ಮಾಡಿದರು. ಕಾವು ಹೇಗೆ ಕಾವನ್ನು ಹುಟ್ಟಿಸಬಹುದು, ಅದನ್ನು ಹಿಡಿಯುವುದು ಹೇಗೆ, ಪಟ್ಟಿ ಹೇಗೆ ಮಾಡಿದೆವು, ಎಲ್ಲ. ಆಮೇಲೆ ಗೋಣಿ. ಹಾಲ್ ಗೊಳ್ಳೆಂದು ನಕ್ಕಿತು. "ಸರ್, ನಿಮ್ಮ ಅಣುಸ್ಥಾವರ ಗೋಣಿ ಮ್ಯಾಲ ನಡೀತಿತ್ತೇನ್ರಿ?" ಅವರೂ ನಕ್ಕರು. ಕಲ್ಲು ಕಳಿಸಿದವನೇ ಕೇಳಿದ: "ಗೋಣಿ ಯಾರು ಇಟ್ಟಿದ್ರಿ ಸರ್?"

"ಪುಸ್ತಕ ನಂದು. ಪುಸ್ತಕದಾಗ ಇಲ್ಲ ಅಂದ್ರ ತಪ್ಪು ನಂದು," ಎಂದರು.

ನಾನು ಎದ್ದುನಿಂತೆ. "ನಾ ಇಟ್ಟಿದ್ದೆರಿ." ಮತ್ತೆ ನಗು, ಯಾರೋ ಬೆನ್ನು ತಟ್ಟಿದರು, ಚಹಾ ಬಂತು. ಗೋಣಿಯನ್ನು ಎಲ್ಲರೆದುರು ಒಪ್ಪಿಕೊಂಡೆ. ಆರು ದಿನವನ್ನು ಒಪ್ಪಿಕೊಳ್ಳಲಿಲ್ಲ. ಅವರೂ ಹೇಳಲಿಲ್ಲ. ಚಹಾದ ಕಪ್ಪು ಹಿಡಿದು ದೂರದಿಂದ ನನ್ನನ್ನು ಒಮ್ಮೆ ನೋಡಿದರು, ಅಷ್ಟೇ.

ಪ್ರಯೋಗ ಈಗಲೂ ನಡೆದಿದೆ. ಪುಡಿ ಬದಲಿಸಿದ್ದೇವೆ, ಪಟ್ಟಿಯನ್ನು ಹೊಸದಾಗಿ ಮಾಡಿದ್ದೇವೆ. ಹೆಚ್ಚಿನ ಕಾವು ಇನ್ನೂ ಕಂಡಿಲ್ಲ, ಕಾಣದೆಯೂ ಹೋಗಬಹುದು. ಬೀಗದ ಕೈ ನನ್ನ ಹತ್ತಿರವೇ ಇದೆ, ವಾಪಸು ಕೇಳಲಿಲ್ಲ. ತಮ್ಮಾ ಎಂದೇ ಕರೆಯುತ್ತಾರೆ. ಊಟಕ್ಕೆ ಅವರ ಪಕ್ಕದಲ್ಲೇ ಎಲೆ. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ.

ಆದರೆ ಪ್ರತಿ ಸಲ ಚಾಲೂ ಮಾಡುವ ಮೊದಲು ಮೇಷ್ಟರು ಚಪ್ಪಡಿಯ ಅಂಚನ್ನು ಹಿಡಿದು ಒಂದು ಮೊಣಕಾಲು ಊರುತ್ತಾರೆ, ನೋವಿಗೆ ಹಲ್ಲು ಕಚ್ಚಿ ಇನ್ನೊಂದನ್ನೂ ಊರುತ್ತಾರೆ. ಕೆನ್ನೆ ಕಲ್ಲಿಗೆ ತಾಗುವಷ್ಟು ಬಾಗಿ, ತಗಡು ಎತ್ತಿ, ಬುಡದಲ್ಲಿ ಬ್ಯಾಟರಿ ಬಿಟ್ಟು ನೋಡುತ್ತಾರೆ. ಮೊದಲ ಸಲ ನನ್ನಿಂದ ನೋಡಲಾಗಲಿಲ್ಲ. "ಸರ್, ನೀವ್ಯಾಕ ಬಗ್ತೀರಿ? ನಾ ನೋಡೀನಿರಿ. ಬುಡಕ ಏನೂ ಇಲ್ಲ," ಎಂದೆ.

"ನೋಡಿರ್ತಿ, ಬಿಡು," ಎಂದು ಮೆಲ್ಲಗೆ, ಪ್ರೀತಿಯಿಂದಲೇ ಅಂದರು. ಹಾಗೆಂದು ಬಗ್ಗಿದರು.